ಅಡಿಕೆ ತೋಟದ ಕಾದಿಗೆ: ಅಗೆತ ಕೆಳಗಿನಿಂದ

ಶಿರಸಿ ಕಡೆಯ ತೋಟಗಳು ಹೆಚ್ಚಾಗಿ ಇರುವುದು ಎರಡು ಬೆಟ್ಟದ ನಡುವಿನ ತಗ್ಗಿನಲ್ಲಿ. ಸುತ್ತಲಿನ ಬೆಟ್ಟದ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಆ ತಗ್ಗು ಜೌಗಾಗದೆ ತೋಟವಾಗಿ ಉಳಿದಿರುವುದು ಕಾದಿಗೆಯಿಂದ, ಅಂದರೆ ನೀರು ಬಸಿದು ಹೋಗಲು ಸಾಲುಗಳ ನಡುವೆ ತೋಡಿದ ಕಾಲುವೆಯಿಂದ. ಬೇರಿನ ಸುತ್ತ ನೀರು ನಿಂತರೆ ಗಾಳಿಯಾಡದೆ ಬೇರು ಕೊಳೆಯುತ್ತದೆ, ಸೋಗೆ (ಅಡಿಕೆ ಮರದ ಗರಿ) ಹಳದಿಯಾಗುತ್ತದೆ. ಆಮೇಲೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ.

ಮೊದಲು ನೋಡಬೇಕಾದ್ದು ನೀರು ಹೊರಹೋಗುವ ಹಳ್ಳವನ್ನು. ಬೇಸಿಗೆಯ ಒಣ ಹಳ್ಳ ನೋಡಿ ಆಳ ನಿರ್ಧರಿಸಿದರೆ ಕೆಟ್ಟಿತು. ಆಷಾಢದ ಹಳ್ಳ ಎಲ್ಲಿಯವರೆಗೆ ಏರುತ್ತದೆಂಬ ಗುರುತು ದಡದ ಮರದ ಬುಡದಲ್ಲೋ ಕಲ್ಲಿನ ಮೇಲೋ ಇರುತ್ತದೆ. ಕಾದಿಗೆಯ ಬಾಯಿ ಅದಕ್ಕಿಂತ ಕೆಳಗಿದ್ದರೆ ಹಳ್ಳದ ನೀರೇ ತೋಟಕ್ಕೆ ನುಗ್ಗುತ್ತದೆ. ಹಾಗಿದ್ದಲ್ಲಿ ಎಲ್ಲ ಕಾದಿಗೆಗಳ ನೀರು ಒಯ್ಯುವ ದೊಡ್ಡ ಕಾದಿಗೆಯನ್ನು ಹಳ್ಳದ ಗುಂಟ ಇನ್ನೂ ಕೆಳಗೆ ಒಯ್ದು ಸೇರಿಸಬೇಕು.

ಅಗೆತ ಈ ಬಾಯಿಯಿಂದಲೇ ಶುರುವಾಗಿ ಮೇಲಕ್ಕೆ ಹೋಗಲಿ. ಮೇಲಿನಿಂದ ಅಗೆದರೆ ಒಸರುವ ನೀರು ಹೋಗಲು ದಾರಿಯಿಲ್ಲದೆ ಆಳುಗಳು ಕೆಸರಿನಲ್ಲೇ ನಿಂತು ಕೆಲಸ ಮಾಡಬೇಕಾಗುತ್ತದೆ. ಇಳಿಜಾರು ನೂರು ಅಡಿಗೆ ಅರ್ಧ ಅಡಿ ಸಾಕು. ನೀರು ತುಂಬಿದ ಪಾರದರ್ಶಕ ಪೈಪಿನಲ್ಲಿ ಮಟ್ಟ ಹಿಡಿಯಿರಿ. ಒಳಗೆ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳಾಗುತ್ತದೆ.

ಆಳದ ವಿಷಯದಲ್ಲೇ ತಪ್ಪು ಜಾಸ್ತಿ. ಸಸಿ ನೆಟ್ಟ ಗುಂಡಿ 3 ಅಡಿಯದಾದರೆ ಕಾದಿಗೆಯ ತಳ ಅದಕ್ಕಿಂತ ಒಂದು ಗೇಣು ಕೆಳಗಿರಬೇಕು. ಇಲ್ಲವಾದರೆ ಸಡಿಲ ಮಣ್ಣಿನ ಗುಂಡಿ ಮಡಕೆಯ ಹಾಗೆ ಸುತ್ತಲಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಟು ಜೇಡಿಯಲ್ಲಿ ಎರಡು ಸಾಲಿಗೊಂದು ಕಾದಿಗೆ ಬೇಕು, ಜಂಬುಮಣ್ಣಿನಲ್ಲಿ (ಜಂಬಿಟ್ಟಿಗೆ ಕಲ್ಲಿನ ಕೆಂಪು ಮಣ್ಣು) ಮೂರು ನಾಲ್ಕು ಸಾಲಿಗೊಂದು ನಡೆದೀತು. ಅಗಲ ಮೇಲೆ 2½ ಅಡಿ, ತಳದಲ್ಲಿ 1 ಅಡಿ. ನೇರ ಗೋಡೆ ಚೆನ್ನಾಗಿ ಕಾಣುತ್ತದೆ, ಮೊದಲ ಜಡಿಮಳೆಗೆ ಬೇರುಸಮೇತ ಕುಸಿಯುತ್ತದೆ.

ಹಳೆಯ ತೋಟದಲ್ಲಿ ಎರಡು ಸಾಲಿನ ನಟ್ಟನಡುವೆ ಮಾತ್ರ ಆಳ ಮಾಡಿ. ಒಂದು ಮರದ ಎರಡೂ ಬದಿಯ ಬೇರನ್ನು ಒಂದೇ ವರ್ಷ ಕಡಿಯಬೇಡಿ. ತೆಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕದೆ, ಒಣಗಿದ ಮೇಲೆ ಸಾಲಿನ ಮೇಲೆ ತೆಳ್ಳಗೆ ಹರಡಿ.

ರೋಹಿಣಿ ಮಳೆಯೊಳಗೆ ಹೂಳು ತೆಗೆದು ಮುಗಿಯಬೇಕು. ಮಳೆಗಾಲದಲ್ಲಿ ಬಿದ್ದ ಸೋಗೆ, ಹಾಳೆ, ದರಕು (ಒಣ ಎಲೆ) ಒಂದೆಡೆ ಸಿಕ್ಕಿಕೊಂಡರೆ ಅದೇ ಒಡ್ಡು. ಬಾಯಿ ಹತ್ತಿರ ನೀರು ಧುಮುಕುವಂತಿದ್ದರೆ ಕಲ್ಲು ಹಾಸಿ. ಇಲ್ಲವಾದರೆ ಕೊರೆತ ಹಿಂದಕ್ಕೆ ತೋಟದೊಳಕ್ಕೆ ಬರುತ್ತದೆ. ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಅದೇ ಬಾಯಿಗೆ ಅಡ್ಡ ಮಣ್ಣು ಕೊಟ್ಟು ಸ್ವಲ್ಪ ತಡೆದರೆ ತೋಟದ ತಂಪು ಕೆಲವು ವಾರ ಹೆಚ್ಚು ನಿಲ್ಲುತ್ತದೆ. ಅಕಾಲ ಮಳೆ ಬಂದ ರಾತ್ರಿ ಅದನ್ನು ಒಡೆಯಲು ಗುದ್ದಲಿ ಕೈಗೆ ಸಿಗುವಲ್ಲಿರಲಿ.