ಅರ್ಧ ಗೇಣಿನ ಎತ್ತರದಲ್ಲಿ ನಿಲ್ಲಿಸಿದ ಭಾರ

ಭಾರ ಎತ್ತುವ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಭಾರ ಕಟ್ಟುವ ನೇಯ್ದ ಬೆಲ್ಟಿನ (ಸ್ಲಿಂಗಿನ) ಮೇಲೆ ಹೊಲಿದಿರುವ ಪಟ್ಟಿಯನ್ನು ಓದಿ, ಎತ್ತುವ ವಸ್ತುವಿನ ತೂಕ ಅದರ ಮಿತಿಯೊಳಗಿದ್ದರೆ ಸಾಕೆಂದು ನಾನು ನಂಬಿದ್ದೆ. ಆ ನಂಬಿಕೆ ಒಂದು ಗೇರ್‌ಬಾಕ್ಸನ್ನು ಅದರ ಅಡಿಪಾಯದಿಂದ ಬಿಡಿಸಿ ಎತ್ತಿದ ದಿನ ಕಳಚಿಬಿತ್ತು.

ನಾಮಫಲಕದ ಪ್ರಕಾರ ಗೇರ್‌ಬಾಕ್ಸಿನ ತೂಕ 2 ಟನ್. ನನ್ನ ಬಳಿ 2 ಟನ್ನಿನ ಎರಡು ಹಸಿರು ಬೆಲ್ಟುಗಳಿದ್ದವು, ಮೇಲೆ 3 ಟನ್ನಿನ ಚೈನ್ ಬ್ಲಾಕ್ (ಕೈಯಿಂದ ಸರಪಳಿ ಎಳೆದು ಭಾರ ಎತ್ತುವ ಸಾಧನ) ಇತ್ತು. ಎರಡೂ ಬೆಲ್ಟು ಸೇರಿ 4 ಟನ್ ಹೊರುತ್ತವೆಂದು ಲೆಕ್ಕ ಹಾಕಿ ನಿಶ್ಚಿಂತನಾಗಿದ್ದೆ. ಚಾವಣಿ ತಗ್ಗಾಗಿದ್ದುದರಿಂದ ಗಿಡ್ಡ ಬೆಲ್ಟುಗಳನ್ನೇ ಆರಿಸಿ, ಗೇರ್‌ಬಾಕ್ಸಿನಿಂದ ಚಾಚಿಕೊಂಡಿದ್ದ ಎರಕದ ಕಿವಿಗಳಿಗೆ ಜೀರುಗುಣಿಕೆ ಹಾಕಿ, ಬೆಲ್ಟುಗಳ ಮೇಲಿನ ತುದಿಯ ಕಣ್ಣುಗಳನ್ನು (ಕುಣಿಕೆಗಳನ್ನು) ಕೊಕ್ಕೆಗೆ ಸಿಕ್ಕಿಸಿದೆ. ಬೆಲ್ಟುಗಳು ಕೊಕ್ಕೆಯಿಂದ ಎರಡು ಕಡೆಗೆ ಬಹಳ ಚಪ್ಪಟೆಯಾಗಿ ಹರಡಿಕೊಂಡಿದ್ದವು, ನೆಲಕ್ಕೆ ಸಮಾನಾಂತರವಾದ ಗೆರೆಯೊಂದಿಗೆ ಅವುಗಳ ಕೋನ ಹೆಚ್ಚೆಂದರೆ 30 ಡಿಗ್ರಿ ಇದ್ದಿರಬೇಕು.

ಚೈನ್ ಹಗುರವಾಗಿಯೇ ಬರುತ್ತಿತ್ತು, ನಾನು ಮೋಸ ಹೋದದ್ದು ಅಲ್ಲಿಯೇ. ಬೆಲ್ಟುಗಳು ಯಾವ ಕೋನದಲ್ಲಿದ್ದರೂ ಚೈನ್ ಬ್ಲಾಕ್ ಹೊರುವುದು ವಸ್ತುವಿನ ತೂಕವನ್ನಷ್ಟೇ. ಕೋನದ ಏಟು ಬೀಳುವುದು ಬೆಲ್ಟಿಗೆ. ಗೇರ್‌ಬಾಕ್ಸ್ ನೆಲದಿಂದ ಅರ್ಧ ಗೇಣು ಎದ್ದ ಕೂಡಲೇ ನಮ್ಮ ಹಿರಿಯ ರಿಗ್ಗರ್ (ಭಾರ ಕಟ್ಟಿ ಎತ್ತಿಸುವವರು) ಕೈ ಎತ್ತಿ, "ನಿಲ್ಲಿಸಪ್ಪಾ. ಎಲ್ಲರೂ ಹಿಂದೆ ಸರೀರಿ. ಯಾರೂ ಮುಟ್ಟಬೇಡಿ, ಸುಮ್ಮನೆ ನೋಡಿ" ಎಂದರು. ಅಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಶಾಸ್ತ್ರವೇಕೆ ಎಂದು ನನಗೆ ಒಳಗೊಳಗೇ ಬೇಸರವಾಗಿತ್ತು. ಒಂದು ನಿಮಿಷವೂ ಕಳೆದಿರಲಿಲ್ಲ, ದಪ್ಪ ಬಟ್ಟೆ ಹರಿದಂಥ ಸದ್ದು ಬಂತು. ಎರಕದ ಕಿವಿಯ ಅಂಚಿಗೆ ಒತ್ತಿಕೊಂಡಿದ್ದ ಕಡೆ ಬೆಲ್ಟಿನ ಒಂದು ಬದಿಯ ಎಳೆಗಳು ಬಿಚ್ಚಿಕೊಳ್ಳುತ್ತ ಬಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಅಗಲ ಕತ್ತರಿಸಿಹೋಯಿತು. ಗೇರ್‌ಬಾಕ್ಸಿನ ಒಂದು ಮೂಲೆ ನೆಲಕ್ಕೆ ಅಪ್ಪಳಿಸಿ ಕಾಂಕ್ರೀಟು ಕಿತ್ತುಬಂತು. ಯಾರ ಕಾಲೂ ಅದರಡಿ ಇರಲಿಲ್ಲ.

ಆಮೇಲೆ ಕುಳಿತು ಲೆಕ್ಕ ಮಾಡಿದಾಗ ನನ್ನ ತಪ್ಪುಗಳು ಒಂದರ ಮೇಲೊಂದು ಪೇರಿಸಿಕೊಂಡಿದ್ದವು. ನಾಮಫಲಕದಲ್ಲಿದ್ದುದು ಎಣ್ಣೆಯಿಲ್ಲದ ತೂಕ, ನಾವು ಎಣ್ಣೆ ಖಾಲಿ ಮಾಡಿರಲಿಲ್ಲ. ಅದರಿಂದ ಸುಮಾರು 100 ಕಿಲೋ ಸೇರಿತ್ತು. ಕೊಕ್ಕೆಯಿಂದ ಇಳಿಯುವ ಒಂದೊಂದು ಬೆಲ್ಟನ್ನೂ ಒಂದು ಕಾಲು ಎನ್ನುತ್ತೇವೆ; ಎರಡು ಕಾಲಿನ ಕಟ್ಟಿನಲ್ಲಿ ಕೋನ 60 ಡಿಗ್ರಿ ಇದ್ದರೆ ಪ್ರತಿ ಕಾಲಿನ ಮೇಲೆ ಬೀಳುವ ಎಳೆತ ಒಟ್ಟು ತೂಕದ 0.58ರಷ್ಟು, 45 ಡಿಗ್ರಿಗೆ 0.71ರಷ್ಟು, 30 ಡಿಗ್ರಿಗೆ ಪೂರ್ತಿ ತೂಕದಷ್ಟು. ಅಂದರೆ ಎರಡು ಬೆಲ್ಟುಗಳು ಭಾರವನ್ನು ಹಂಚಿಕೊಳ್ಳುವ ಬದಲು ಒಂದೊಂದೂ 2.1 ಟನ್ ಎಳೆತವನ್ನು ತಡೆಯುತ್ತಿದ್ದವು. ಜೀರುಗುಣಿಕೆ ಹಾಕಿದ ಬೆಲ್ಟಿನ ಸಾಮರ್ಥ್ಯ ನೇರ ಎಳೆತದ ಶೇ. 80ಕ್ಕೆ ಇಳಿಯುವುದರಿಂದ ನನ್ನ 2 ಟನ್ನಿನ ಬೆಲ್ಟು ಆಗ 1.6 ಟನ್ನಿನದಷ್ಟೇ ಆಗಿತ್ತು. ಆದರೂ ಬರೀ ಭಾರಕ್ಕೆ ಅದು ತುಂಡಾಗುತ್ತಿರಲಿಲ್ಲವೆಂದು ಈಗಲೂ ನನ್ನ ಅಭಿಪ್ರಾಯ, ಏಕೆಂದರೆ ಯುರೋಪಿನ ಮಾನದಂಡದಂತೆ ತಯಾರಾದ ಬೆಲ್ಟಿಗೆ 7 ಪಟ್ಟು ಸುರಕ್ಷತಾ ಅಂಶವಿರುತ್ತದೆ, ಅಂದರೆ ಪಟ್ಟಿಯಲ್ಲಿ ಬರೆದ ಮಿತಿಯ 7 ಪಟ್ಟು ಎಳೆತದವರೆಗೆ ಅದು ತುಂಡಾಗಬಾರದು. ಅದನ್ನು ಕಡಿದದ್ದು ಅಂಚು. ಅಂಚಿನ ದುಂಡುತನದ ತ್ರಿಜ್ಯ ಬೆಲ್ಟಿನ ದಪ್ಪಕ್ಕಿಂತ ಕಡಿಮೆಯಿದ್ದರೆ ಅದನ್ನು ಹರಿತವೆಂದೇ ಎಣಿಸಬೇಕು, ಬೆರಳಿಗೆ ಚುಚ್ಚದಿದ್ದರೂ ಸರಿ.

ಮರುದಿನ ಎಣ್ಣೆ ತೆಗೆದು, ಕಿವಿಗಳಿಗೆ ಶ್ಯಾಕಲ್ (ಪಿನ್ನು ಹಾಕಿ ಮುಚ್ಚುವ ಉಕ್ಕಿನ ಕೊಂಡಿ) ಹಾಕಿ, ಲಿಫ್ಟಿಂಗ್ ಬೀಮಿನಿಂದ (ಕೊಕ್ಕೆಗೆ ಅಡ್ಡಲಾಗಿ ತೂಗುಹಾಕುವ ತೊಲೆಯಿಂದ) ಎರಡು ಬೆಲ್ಟುಗಳನ್ನು ನೆಟ್ಟಗೆ ಇಳಿಬಿಟ್ಟು ಅದೇ ಗೇರ್‌ಬಾಕ್ಸನ್ನು ಎತ್ತಿದೆವು. ಈಗ ಪ್ರತಿ ಬೆಲ್ಟಿನ ಪಾಲು 1 ಟನ್. ಬೀಮಿನ ಸ್ವಂತ ತೂಕವನ್ನು ಚೈನ್ ಬ್ಲಾಕಿನ ಲೆಕ್ಕಕ್ಕೆ ಸೇರಿಸುವುದನ್ನು ಮಾತ್ರ ಮರೆಯಬಾರದು.

ಅಂದಿನಿಂದ ಕೋನವನ್ನು ಅಂದಾಜಿಗೆ ಬಿಡುವುದನ್ನು ನಿಲ್ಲಿಸಿದ್ದೇನೆ. ಇದಕ್ಕೆ ಕೋನಮಾಪಕವೂ ಬೇಕಿಲ್ಲ: ವಸ್ತುವಿನ ಮೇಲೆ ಕಟ್ಟುವ ಎರಡು ಬಿಂದುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದು, ಬೆಲ್ಟಿನ ಒಂದು ಕಾಲಿನ ಉದ್ದ ಅದಕ್ಕೆ ಸಮನಾಗಿದ್ದರೆ ಸಮಬಾಹು ತ್ರಿಕೋನವಾಗಿ 60 ಡಿಗ್ರಿ ತಾನಾಗಿಯೇ ಸಿಗುತ್ತದೆ. ಕಾಲು ಅದಕ್ಕಿಂತ ಗಿಡ್ಡವಿದ್ದರೆ ಉದ್ದದ ಬೆಲ್ಟು ತರಿಸುತ್ತೇನೆ ಅಥವಾ ಬೀಮು ಕೇಳುತ್ತೇನೆ. ನಾಲ್ಕು ಕಾಲಿನ ಕಟ್ಟು ಹಾಕಿದಾಗ, ವಸ್ತು ಬಾಗದ ಗಟ್ಟಿ ವಸ್ತುವಾದರೆ, ಎರಡೇ ಕಾಲುಗಳು ಇಡೀ ಭಾರ ಹೊರುತ್ತವೆಂದು ಲೆಕ್ಕ ಹಾಕುತ್ತೇನೆ. ಉದ್ದದಲ್ಲಿ ಒಂದಿಷ್ಟು ವ್ಯತ್ಯಾಸವಿದ್ದರೂ ಉಳಿದೆರಡು ಸಡಿಲವಾಗಿಯೇ ಉಳಿದುಬಿಡುತ್ತವೆ. ಐ ಬೋಲ್ಟಿನ (ತಲೆಯಲ್ಲಿ ಉಂಗುರವಿರುವ ಬೋಲ್ಟಿನ) ವಿಷಯದಲ್ಲಿ ನಾನು ಇನ್ನೂ ಜಿಪುಣ. ಕುತ್ತಿಗೆಯಲ್ಲಿ ಕಾಲರ್ (ಅಗಲವಾದ ಬಳೆಯಂಥ ಅಂಚು) ಇಲ್ಲದ ಐ ಬೋಲ್ಟನ್ನು ಓರೆ ಎಳೆತಕ್ಕೆ ಕೊಡುವುದೇ ಇಲ್ಲ. ಕಾಲರ್ ಇದ್ದು, ಅದು ಮೇಲ್ಮೈಗೆ ಪೂರ್ತಿ ಕೂತಿದ್ದರೂ, 45 ಡಿಗ್ರಿ ಓರೆಯಲ್ಲಿ ಅದರ ಸಾಮರ್ಥ್ಯ ನೇರ ಎಳೆತದ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯುತ್ತದೆ.

ಸಾಮಾನುಗಳ ತಪಾಸಣೆ ಪ್ರತಿ ಪಾಳಿಯ ಆರಂಭದಲ್ಲಿ ನಡೆಯುತ್ತದೆ. ಕೊಕ್ಕೆಯ ಲ್ಯಾಚ್, ಶ್ಯಾಕಲಿನ ಪಿನ್ನು ಎಲ್ಲವೂ ನೋಟಕ್ಕೇ ತಿಳಿಯುತ್ತವೆ. ವೈರ್ ರೋಪಿಗೆ (ಉಕ್ಕಿನ ತಂತಿಗಳಿಂದ ಹೆಣೆದ ಹಗ್ಗಕ್ಕೆ) ಮಾತ್ರ ತಾಳ್ಮೆ ಬೇಕು: ಹಗ್ಗದ ಉದ್ದಕ್ಕೂ ಬಟ್ಟೆಯ ತುಂಡನ್ನು ಎಳೆದರೆ ಮುರಿದ ತಂತಿಗಳು ಅದಕ್ಕೆ ಸಿಕ್ಕಿಕೊಂಡು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಹೆಣಿಗೆಯ ಒಂದು ಪೂರ್ಣ ಸುತ್ತಿನಷ್ಟು ಉದ್ದದಲ್ಲಿ ಮುರಿದ ತಂತಿಗಳು 10 ಇದ್ದರೆ, ಅಥವಾ ಒಂದೇ ಎಳೆಯಲ್ಲಿ 5 ಇದ್ದರೆ, ಆ ಸ್ಲಿಂಗನ್ನು ತೆಗೆದುಹಾಕುತ್ತೇನೆ. ತೆಗೆದುಹಾಕುವುದೆಂದರೆ ಮೂಲೆಗೆ ಎಸೆಯುವುದಲ್ಲ. ಮೂಲೆಗೆ ಎಸೆದ ಬೆಲ್ಟು ಎರಡು ವಾರದಲ್ಲಿ ಯಾರದೋ ಕೈಹಿಡಿದು ಮತ್ತೆ ಕೊಕ್ಕೆಗೆ ಬಂದಿದ್ದನ್ನು ನಾನೇ ಕಂಡಿದ್ದೇನೆ. ಈಗ ಕಣ್ಣುಗಳನ್ನು ಕತ್ತರಿಸಿಯೇ ಬಿಸಾಡುತ್ತೇನೆ.

ಅರ್ಧ ಗೇಣಿನ ನಿಲುಗಡೆ ಇಂದಿಗೂ ತಪ್ಪಿಲ್ಲ. ಆ ಹೊತ್ತಿನಲ್ಲಿ ಚೈನ್ ಬ್ಲಾಕಿನ ಬ್ರೇಕು ಹಿಡಿದಿದೆಯೇ, ವಸ್ತು ಒಂದು ಕಡೆ ವಾಲುತ್ತಿದೆಯೇ, ಮರೆತುಹೋದ ಅಡಿಪಾಯದ ಬೋಲ್ಟು ಯಾವುದಾದರೂ ಹಿಡಿದೆಳೆಯುತ್ತಿದೆಯೇ ಎಂದು ನೋಡುತ್ತೇನೆ. ವಾಲಿದರೆ ಕೈಯಿಂದ ಒತ್ತಿ ಸರಿಪಡಿಸುವುದಿಲ್ಲ, ಕೆಳಗಿಳಿಸಿ ಕೊಕ್ಕೆಯನ್ನು ಭಾರಕೇಂದ್ರದ ನೇರಕ್ಕೆ ತಂದು ಮತ್ತೆ ಕಟ್ಟುತ್ತೇನೆ. ಸನ್ನೆ ಕೊಡುವವನು ಒಬ್ಬನೇ. ನಿಲ್ಲಿಸು ಎಂಬ ಸನ್ನೆ ಮಾತ್ರ ಯಾರಿಂದ ಬಂದರೂ ನಿಲ್ಲಿಸುತ್ತೇವೆ.

ಇಳಿಸುವ ಜಾಗದಲ್ಲಿ ಮರದ ದಿಮ್ಮಿಗಳನ್ನು ಮೊದಲೇ ಹಾಸಿರುತ್ತೇನೆ. ಭಾರ ದಿಮ್ಮಿಗಳ ಮೇಲೆ ಸ್ಥಿರವಾಗಿ ಕೂತ ನಂತರ ಕೊಕ್ಕೆಯನ್ನು ಸಡಿಲಿಸಿ, ಬೆಲ್ಟನ್ನು ಕೈಯಿಂದಲೇ ಬಿಡಿಸಿ ತೆಗೆಯುತ್ತೇನೆ. ಕ್ರೇನಿನಿಂದ ಎಳೆದು ತೆಗೆದರೆ ಒಂದು ನಿಮಿಷ ಉಳಿಯುವುದು ನಿಜ, ಆದರೆ ಭಾರದಡಿ ಉಜ್ಜಿಕೊಂಡು ಬರುವ ಬೆಲ್ಟಿನ ಅಂಚು ಸವೆಯುತ್ತದೆ, ಎಲ್ಲಾದರೂ ಸಿಕ್ಕಿಕೊಂಡರೆ ಇಳಿಸಿಟ್ಟ ವಸ್ತುವೇ ಮಗುಚುತ್ತದೆ.