ಟ್ರೀ ಪಿಯೋನಿ ಬೀಜಕ್ಕೆ ಮೊದಲು ಬಿಸಿ, ಆಮೇಲೆ ಚಳಿ: ನನ್ನ ಅನುಭವ

ಚೀನಾದ ಲುವೊಯಾಂಗ್ ಊರಿಗೆ ಏಪ್ರಿಲ್‌ನಲ್ಲಿ ಜನ ಮುಗಿಬೀಳುತ್ತಾರೆ. ದೊಡ್ಡ ಹೂವು ಬಿಡುವ, ಕಟ್ಟಿಗೆ ಕಾಂಡದ ಪೊದೆ ಟ್ರೀ ಪಿಯೋನಿ ಅರಳುವ ಕಾಲ ಅದು. ಅಲ್ಲಿಯವರು ಇದನ್ನು ಮುದಾನ್ ಅನ್ನುತ್ತಾರೆ. 1983ರಿಂದ ಈ ಹೂವಿಗೇ ಒಂದು ಹಬ್ಬ ಮಾಡುತ್ತಿದ್ದಾರೆ. ನಾನು ಅಲ್ಲಿ ಒಂದು ಸಂಶೋಧನಾ ತಂಡದಲ್ಲಿದ್ದೆ, ಇದೇ ಗಿಡದ ಬೀಜದ ಮೇಲೆ ಕೆಲಸ. ನಮಗೆ ಪುರುಸೊತ್ತಿಲ್ಲದ ಕಾಲ ಶುರುವಾಗುವುದು ಹೂವೆಲ್ಲ ಉದುರಿ, ನೋಡೋಕೆ ಬಂದವರೂ ಊರು ಬಿಟ್ಟ ಮೇಲೆ, ಜುಲೈ ಕೊನೆಗೆ.

ನಾವು ಜಾಸ್ತಿ ಬಳಸಿದ್ದು ಫೆಂಗ್‌ದಾನ್ ಅನ್ನುವ ತಳಿ. ಬಿಳಿ ಹೂವು, ಎಸಳು ಒಂದೇ ಸುತ್ತು, ನೋಡೋಕೆ ಸಾದಾ. ಆದರೆ ಬೀಜ ಚೆನ್ನಾಗಿ ಕಟ್ಟುತ್ತದೆ. ಒಂದು ಹೂವಿನಿಂದ ಐದು ಮೂಲೆಯ ನಕ್ಷತ್ರದಂತೆ ಕಾಯಿ ನಿಲ್ಲುತ್ತದೆ, ಮೈಮೇಲೆಲ್ಲ ನವಿರು ರೋಮ. ಈ ಕಾಯಿ ಏಡಿಯ ಹಳದಿಗೆ ತಿರುಗಿದಾಗ ಕೀಳಬೇಕು ಅನ್ನುವುದು ಅಲ್ಲಿನ ಬೆಳೆಗಾರರ ಲೆಕ್ಕ. ಗಿಡದಲ್ಲೇ ಪೂರ್ತಿ ಒಣಗಲು ಬಿಟ್ಟರೆ ಬೀಜ ಕಪ್ಪಾಗಿ, ಸಿಪ್ಪೆ ಕಲ್ಲಾಗಿ, ನೀರು ಕುಡಿಯಲು ಸತಾಯಿಸುತ್ತದೆ. ಕಿತ್ತ ಕಾಯಿಯನ್ನು ಬಿಸಿಲಿಗೂ ಹಾಕುವುದಿಲ್ಲ. ನೆರಳಲ್ಲಿ ಹರವಿ, ಆಗಾಗ ಮಗುಚುತ್ತಿದ್ದರೆ ತಾನೇ ಬಿರಿಯುತ್ತದೆ.

ಈ ಬೀಜದಲ್ಲಿ ಬೇರಿಗೊಂದು ನಿದ್ದೆ, ಚಿಗುರಿಗೊಂದು ನಿದ್ದೆ. ಎರಡನ್ನೂ ಎಬ್ಬಿಸುವ ದಾರಿ ಬೇರೆ ಬೇರೆ. ಬೇರು ಬರಲು 15ರಿಂದ 20 ಡಿಗ್ರಿ ಸೆಲ್ಸಿಯಸ್ ಶಾಖ, ಜೊತೆಗೆ ತೇವ ಬೇಕು. ಚಿಗುರು ಬರಲು 4-5 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಚಳಿ ಬೇಕು. ಹಸಿ ಬೀಜವನ್ನು ನೇರವಾಗಿ ಫ್ರಿಜ್‌ಗೆ ಹಾಕಿದರೆ ಚಳಿ ಸುಮ್ನೆ ದಂಡ, ಚಿಗುರು ಏಳುವುದಿಲ್ಲ. ಮೊದಲು ಬೇರು, ಆಮೇಲೆ ಚಳಿ. ಹೊಲದಲ್ಲಿ ಇದು ತಾನಾಗೇ ನಡೆಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಬಿತ್ತಿದರೆ ಚಳಿಗಾಲದೊಳಗೆ ಬೇರು ಇಳಿದಿರುತ್ತದೆ, ಮಣ್ಣಿನ ಮೇಲೆ ಹಸಿರು ಕಾಣುವುದು ವಸಂತಕ್ಕೆ. ಅಲ್ಲಿಯವರೆಗೆ ಬರೀ ಮಣ್ಣು ನೋಡಿಕೊಂಡು ಕೂರಬೇಕು.

ಲ್ಯಾಬ್‌ನಲ್ಲಿ ನಾನು ಬೀಜವನ್ನು ಒದ್ದೆ ವರ್ಮಿಕ್ಯುಲೈಟ್‌ನಲ್ಲಿ (ನೀರು ಹಿಡಿದಿಡುವ ಹಗುರ ಖನಿಜದ ಚೂರು) ಇಡುತ್ತಿದ್ದೆ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ. ವಾರಕ್ಕೊಮ್ಮೆ ಡಬ್ಬಿ ತೆಗೆದು ಬೀಜಗಳನ್ನು ಬೆರಳಲ್ಲಿ ಒತ್ತಿ ನೋಡುವುದು. ಗಟ್ಟಿ ಇದ್ದರೆ ಸರಿ. ಮೆತ್ತಗಾಗಿ ಹುಳಿ ವಾಸನೆ ಬಂದರೆ ತಕ್ಷಣ ಹೊರಗೆ, ಇಲ್ಲದಿದ್ದರೆ ಬೂಸ್ಟು ಪಕ್ಕದವಕ್ಕೂ ಹಬ್ಬುತ್ತದೆ. ಒಂದು ತಿಂಗಳು ದಾಟಿದ ಮೇಲೆ ಬೀಜದ ಒಂದು ತುದಿ ಬಿರಿದು ದಪ್ಪನೆಯ ಬಿಳಿ ಬೇರು ಇಣುಕುತ್ತದೆ. ಬೇರು ಕಂಡ ಕೂಡಲೇ ಚಳಿಗೆ ಇಡಬಾರದು. 4 ಸೆಂಟಿಮೀಟರ್ ದಾಟಲಿ ಅಂತ ನಾನು ಕಾಯುತ್ತಿದ್ದೆ. ಗಿಡ್ಡ ಬೇರಿನವನ್ನು ಚಳಿಗೆ ಇಟ್ಟರೆ ಚಿಗುರು ಸರಿಯಾಗಿ ಬರುವುದಿಲ್ಲ.

ಚಳಿಯ ಬದಲು ಜಿಬ್ಬರೆಲಿಕ್ ಆಸಿಡ್ (ಜಿಎ) ಅನ್ನುವ ಸಸ್ಯ ಹಾರ್ಮೋನ್ ಕೊಟ್ಟು ಚಿಗುರಿಸಬಹುದು ಅಂತ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಬಾರ್ಟನ್ ಮತ್ತು ಚಾಂಡ್ಲರ್ 1957ರಲ್ಲೇ ತೋರಿಸಿದ್ದರು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಗೊಂಚಲಿಗೆ ಕೊಡುವ ಜಿಎ ಇದೇ. ಅವಸರ ಇದ್ದಾಗ ನಾವೂ ಬಳಸಿದ್ದೇವೆ. ಆದರೆ ಹಾಗೆ ಬಂದ ಸಸಿ ಉದ್ದುದ್ದ, ಬಡಕಲು. ನನ್ನ ಕೇಳಿದರೆ ಫ್ರಿಜ್ಜೇ ವಾಸಿ.

ಇಷ್ಟೆಲ್ಲ ಮಾಡಿದ ಮೇಲೂ ಹೂವು ನೋಡಲು ನಾಲ್ಕೈದು ವರ್ಷ. ಹೊಸ ತಳಿ ಎಬ್ಬಿಸುವವರ ತಾಳ್ಮೆ ಎಷ್ಟಿರಬೇಕು ಯೋಚಿಸಿ. ಹೆಸರಾದ ತಳಿಗಳಂತೂ ಬೀಜದಿಂದ ತಾಯಿಯ ಹಾಗೇ ಬರುವುದಿಲ್ಲ, ಅವಕ್ಕೆ ಕಸಿಯೇ ಗತಿ. ಟಿಶ್ಯೂ ಕಲ್ಚರ್ ಮಾಡಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಚಿಗುರಿನ ತುಂಡು ಕತ್ತರಿಸಿ ಇಟ್ಟರೆ ಫೀನಾಲ್ ಅನ್ನುವ ರಾಸಾಯನಿಕ ಒಸರಿ ಕಂದು ಬಣ್ಣಕ್ಕೆ ತಿರುಗುತ್ತದೆ. ಉಳಿದದ್ದಕ್ಕೆ ಬೇರು ಬರಿಸುವುದು ಇನ್ನೊಂದು ಗೋಳು.

ಕಸಿ ಕಲಿತದ್ದು ತೋಟದ ಹಿರಿಯ ಮಾಲಿಯಿಂದ. ಎಲ್ಲರೂ ಅವರನ್ನು ಶಿಫೂ ಅಂತ ಕರೆಯುತ್ತಿದ್ದರು, ಅಂದರೆ ಮೇಷ್ಟ್ರು. ಕಾಲ ಸೆಪ್ಟೆಂಬರ್. ಫೆಂಗ್‌ದಾನ್ ಅಥವಾ ಮರವಾಗದ ಮಾಮೂಲಿ ಪಿಯೋನಿಯ ಬೇರನ್ನು ಅಗೆದು, ಒಂದೆರಡು ದಿನ ನೆರಳಲ್ಲಿ ಬಾಡಿಸುತ್ತಾರೆ. ಬಾಡಿದ ಬೇರು ಸೀಳುವಾಗ ಮುರಿಯುವುದಿಲ್ಲ. ಬೇಕಾದ ತಳಿಯ ಕಡ್ಡಿಯ ಬುಡವನ್ನು ಬೆಣೆಯಾಗಿ ಕೆತ್ತಿ ಸೀಳಿಗೆ ತೂರಿಸಿ, ಒಂದು ಬದಿಯಲ್ಲಾದರೂ ಎರಡರ ತೊಗಟೆಯ ಒಳಪದರ ಕೂಡುವಂತೆ ನೋಡಿ, ದಾರ ಸುತ್ತಿ, ಮಣ್ಣಲ್ಲಿ ಮುಚ್ಚುತ್ತಾರೆ. ವಸಂತದಲ್ಲಿ ಗಿಡ ಕಿತ್ತು ನೆಡೋಣವಾ ಅಂತ ಒಮ್ಮೆ ಕೇಳಿದ್ದಕ್ಕೆ ಶಿಫೂ ಗಾದೆಯನ್ನೇ ಎಸೆದರು: ವಸಂತದಲ್ಲಿ ಹಗಲು ರಾತ್ರಿ ಸಮ ಆಗುವ ದಿನ ಮುದಾನ್ ನೆಟ್ಟರೆ ಮುದುಕನಾದರೂ ಹೂವಿಲ್ಲ.

ಅನ್‌ಹುಯಿ ಪ್ರಾಂತ್ಯದ ಟಾಂಗ್‌ಲಿಂಗ್‌ನಲ್ಲಿ ಫೆಂಗ್‌ದಾನ್ ಬೆಳೆದದ್ದು ಬೇರಿಗಾಗಿ. ಬೇರಿನ ತೊಗಟೆ ಚೀನೀ ಔಷಧಿಗೆ ಹೋಗುತ್ತದೆ. ಒಳಗಿನ ಗಟ್ಟಿ ಕಡ್ಡಿ ಎಳೆದು ತೆಗೆದು ಬರೀ ಸಿಪ್ಪೆ ಒಣಗಿಸುತ್ತಾರೆ. ಮುರಿದರೆ ಅದರಲ್ಲಿರುವ ಪಿಯೋನಾಲ್ ಅನ್ನುವ ರಾಸಾಯನಿಕದ ಘಾಟು ಮೂಗಿಗೆ ಹೊಡೆಯುತ್ತದೆ. ಆದರೆ ಬೇರು ಅಗೆದರೆ ಗಿಡದ ಕಥೆ ಮುಗಿಯಿತು, ಅಲ್ವಾ? ಬೀಜದೆಣ್ಣೆಗೆ ಆ ತೊಂದರೆ ಇಲ್ಲ, ವರ್ಷ ವರ್ಷ ಕೊಯ್ಯಬಹುದು. ಅದರಲ್ಲಿ ಸುಮಾರು 40 ಶೇಕಡಾ ಆಲ್ಫಾ ಲಿನೋಲೆನಿಕ್ ಆಮ್ಲ ಅನ್ನುವ ಒಮೇಗಾ-3 ಕೊಬ್ಬು ಇದೆ. ಅಗಸೆ ಎಣ್ಣೆಯಲ್ಲಿ ಇರುವುದೂ ಇದೇ ಆಮ್ಲ. 2011ರಲ್ಲಿ ಚೀನಾ ಸರ್ಕಾರ ಈ ಎಣ್ಣೆಯನ್ನು ಆಹಾರವಾಗಿ ಒಪ್ಪಿತು. ನಮ್ಮಂಥವರು ಬೀಜದ ಬೆನ್ನು ಬಿದ್ದದ್ದಕ್ಕೆ ಇದೂ ಒಂದು ಕಾರಣ.

ಊರಿಗೆ ಬಂದಾಗಲೆಲ್ಲ ಒಂದು ಗಿಡ ತರಬಾರದಿತ್ತಾ ಅಂತ ಕೇಳುತ್ತಾರೆ. ಬೆಂಗಳೂರಿನ ಚಳಿ ಇದಕ್ಕೆ ಸಾಲದು. ಮೊಗ್ಗಿಗೂ ವಾರಗಟ್ಟಲೆ ನಿಜವಾದ ಚಳಿ ಬೇಕು. ಜರ್ಮನಿ, ಇಂಗ್ಲೆಂಡ್, ಅಮೆರಿಕದ ಚಳಿ ಇರುವ ಕಡೆ ಇರುವ ಕನ್ನಡಿಗರು ಧಾರಾಳವಾಗಿ ಹಾಕಬಹುದು. ಕಸಿ ಗಿಡವನ್ನೇ ಕೊಳ್ಳಿ. ಶರತ್ಕಾಲದಲ್ಲಿ, ನೀರು ನಿಲ್ಲದ ಜಾಗದಲ್ಲಿ ನೆಡಿ, ಬೇರು ದಪ್ಪ, ನೀರು ನಿಂತರೆ ಕೊಳೆಯುತ್ತದೆ. ಕಸಿಯ ಗಂಟು ಮಣ್ಣಿನಿಂದ 10-15 ಸೆಂಟಿಮೀಟರ್ ಕೆಳಗಿರಲಿ. ಆಗ ಮೇಲಿನ ಕಡ್ಡಿಯೇ ಸ್ವಂತ ಬೇರು ಬಿಡುತ್ತದೆ. ಬುಡದ ಬೇರಿನಿಂದ ಬೇರೆ ಥರದ ಎಲೆಯ ಚಿಗುರು ಎದ್ದರೆ ಕಿತ್ತುಹಾಕಿ.