ಲೀಶ್ಮೇನಿಯಾದ ಗುರಾಣಿ ಕಿತ್ತುಕೊಳ್ಳುವ ಮದ್ದು ಹುಡುಕುವುದು ಹೇಗೆ

ಲೀಶ್ಮೇನಿಯಾ ಎಂಬ ಪರಾವಲಂಬಿಯಿಂದ ಬರುವ ಕಾಲಾ ಅಜರ್ ರೋಗದ ಮದ್ದಿನ ಮೇಲೆ ಪ್ರಾಜೆಕ್ಟ್ ಶುರು ಮಾಡುತ್ತಿದ್ದೀರಾ? ಹಾಗಾದರೆ ಪೈಪೆಟ್ ಹಿಡಿಯುವ ಮೊದಲು ಇದನ್ನು ಓದಿ.

ಮರಳು ನೊಣ ಕಚ್ಚಿದಾಗ ಒಳಗೆ ಬರುವ ಈ ಪರಾವಲಂಬಿ ಮನೆ ಮಾಡುವುದು ನಮ್ಮನ್ನು ಕಾಯಬೇಕಾದ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕಣದೊಳಗೇ. ಆ ಕಣ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಆಕ್ಸಿಡೆಂಟ್‌ಗಳನ್ನೆಲ್ಲ ಸುರಿದು ಅದನ್ನು ಕೊಲ್ಲಲು ನೋಡುತ್ತದೆ, ಆದರೆ ಪರಾವಲಂಬಿ ತನ್ನ ಆಂಟಿಆಕ್ಸಿಡೆಂಟ್ ಕಿಣ್ವಗಳನ್ನು ಮುಂದಿಟ್ಟುಕೊಂಡು ಬದುಕಿಬಿಡುತ್ತದೆ. ನಾವು ಕಿತ್ತುಕೊಳ್ಳಬೇಕಾದದ್ದು ಆ ಗುರಾಣಿಯನ್ನು.

ಮೊದಲ ಪ್ರಯತ್ನಕ್ಕೆ ಟ್ರೈಪನೋಥಯೋನ್ ರಿಡಕ್ಟೇಸ್ ಎಂಬ ಕಿಣ್ವವನ್ನು ಗುರಿಯಾಗಿ ಆರಿಸಿಕೊಳ್ಳಿ. ನಮ್ಮ ಜೀವಕೋಶಗಳಲ್ಲಿ ಆಕ್ಸಿಡೆಂಟ್‌ಗಳನ್ನು ತಣಿಸುವ ಗ್ಲುಟಾಥಯೋನ್ ಎಂಬ ಸಣ್ಣ ಅಣು ಮಾಡುವ ಕೆಲಸವನ್ನು ಲೀಶ್ಮೇನಿಯಾದಲ್ಲಿ ಟ್ರೈಪನೋಥಯೋನ್ ಮಾಡುತ್ತದೆ. ಎರಡು ಗ್ಲುಟಾಥಯೋನ್‌ಗಳನ್ನು ಒಂದು ಸ್ಪರ್ಮಿಡಿನ್ ಕೊಂಡಿ ಸೇರಿಸಿದರೆ ಅದೇ ಟ್ರೈಪನೋಥಯೋನ್. ಅಲನ್ ಫೇರ್‌ಲ್ಯಾಂಬ್ ಮತ್ತು ಜೊತೆಗಾರರು 1985ರಲ್ಲಿ ಇದನ್ನು ಗುರುತಿಸಿದರು. ಖರ್ಚಾದ ಟ್ರೈಪನೋಥಯೋನನ್ನು ಎನ್‌ಎಡಿಪಿಎಚ್ (ಎಲೆಕ್ಟ್ರಾನ್ ಒದಗಿಸುವ ಅಣು) ಬಳಸಿ ಮತ್ತೆ ಸಜ್ಜು ಮಾಡುವುದೇ ಈ ರಿಡಕ್ಟೇಸ್. ಮನುಷ್ಯರಲ್ಲಿ ಇದು ಇಲ್ಲ, ಇದರ ನೆಂಟ ಗ್ಲುಟಾಥಯೋನ್ ರಿಡಕ್ಟೇಸ್ ಇದೆ. ಪರಾವಲಂಬಿ ಕಿಣ್ವದಲ್ಲಿ ಅಣು ಬಂದು ಕೂರುವ ಕುಳಿ ಅಗಲ, ಅಲ್ಲಿ ಋಣ ವಿದ್ಯುದಂಶ ಜಾಸ್ತಿ. ನಮ್ಮದರ ಕುಳಿ ಇಕ್ಕಟ್ಟು, ಅಲ್ಲಿ ಧನ ವಿದ್ಯುದಂಶ. ನಿಮ್ಮ ಮದ್ದು ನುಸುಳಬೇಕಾದದ್ದು ಈ ವ್ಯತ್ಯಾಸದ ಸಂದಿಯಲ್ಲಿ.

ಈ ಗುರಿ ಬರೀ ಊಹೆ ಅಲ್ಲ. 1920ರ ದಶಕದಲ್ಲಿ ಕಲ್ಕತ್ತಾದ ವೈದ್ಯ ಉಪೇಂದ್ರನಾಥ ಬ್ರಹ್ಮಚಾರಿ ಆಂಟಿಮನಿ ಮದ್ದಿನಿಂದ ಲೆಕ್ಕವಿಲ್ಲದಷ್ಟು ಜೀವ ಉಳಿಸಿದರು. ಮೂರು ವೇಲೆನ್ಸಿಯ ಆಂಟಿಮನಿ ಇದೇ ರಿಡಕ್ಟೇಸ್‌ನ ಸಿಸ್ಟೀನ್‌ಗಳಿಗೆ (ಗಂಧಕ ಇರುವ ಅಮೈನೋ ಆಮ್ಲಗಳಿಗೆ) ಅಂಟಿಕೊಳ್ಳುತ್ತದೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ಬಿಹಾರದಲ್ಲಿ ಪರಾವಲಂಬಿ ಆಂಟಿಮನಿಗೆ ಬಗ್ಗದಂತಾಗಿತ್ತು.

ಈಗ ಪರೀಕ್ಷೆ. ಎನ್‌ಎಡಿಪಿಎಚ್ ಖರ್ಚಾಗುವುದನ್ನು 340 ನ್ಯಾನೋಮೀಟರ್ ಬೆಳಕು ಎಷ್ಟು ಹೀರಿಕೆಯಾಗುತ್ತದೆ ಎಂದು ನೋಡಿ ಅಳೆಯಬಹುದು. ಟ್ರೈಪನೋಥಯೋನ್ ದುಬಾರಿ, ಅದಕ್ಕೇ ಹೆಚ್ಚಿನವರು ಡಿಟಿಎನ್‌ಬಿ ಎಂಬ ಬಣ್ಣ ಕೊಡುವ ರಾಸಾಯನಿಕ ಸೇರಿಸಿ 412ರಲ್ಲಿ ಹಳದಿ ಬಣ್ಣ ನೋಡುತ್ತಾರೆ, ಸ್ವಲ್ಪವೇ ಟ್ರೈಪನೋಥಯೋನ್ ಸುತ್ತಿ ಸುತ್ತಿ ಬಳಕೆಯಾಗುತ್ತದೆ. ಮನುಷ್ಯರ ಗ್ಲುಟಾಥಯೋನ್ ರಿಡಕ್ಟೇಸನ್ನು ಅದೇ ದಿನ ಪಕ್ಕದಲ್ಲೇ ಪರೀಕ್ಷಿಸಿ, ಆಮೇಲೆ ನೋಡೋಣ ಅನ್ನಬೇಡಿ. ಸಿಸ್ಟೀನ್‌ಗೆ ಅಂಟುವ ಮದ್ದಾದರೆ ಕಿಣ್ವವನ್ನು ಮೊದಲು ಎನ್‌ಎಡಿಪಿಎಚ್ ಜೊತೆ ಇಡಿ. ಸಿಸ್ಟೀನ್‌ಗಳು ಬಿಚ್ಚಿಕೊಂಡರೆ ಮಾತ್ರ ಅದಕ್ಕೆ ಹಿಡಿತ ಸಿಗುತ್ತದೆ. ಚೂರು ಟ್ರೈಟಾನ್ (ಸಾಬೂನಿನಂಥ ಡಿಟರ್ಜೆಂಟ್) ಹಾಕಿ ಇನ್ನೊಂದು ಸಲ ಮಾಡಿ. ಪರಿಣಾಮ ಮಾಯವಾದರೆ ನಿಮ್ಮ ಅಣುಗಳು ಗುಂಪುಗಟ್ಟಿ ಕಿಣ್ವವನ್ನು ಸುಮ್ನೆ ಮುಚ್ಚುತ್ತಿದ್ದವು, ಅಷ್ಟೇ. ಗಿಡಮೂಲಿಕೆಯ ಬಣ್ಣದ ಸತ್ವಗಳಲ್ಲಿ ಇನ್ನೊಂದು ತೊಂದರೆ, ಅವು ತಾವೇ ಬೆಳಕು ಹೀರಿ ಲೆಕ್ಕ ಕೆಡಿಸುತ್ತವೆ.

ಅರ್ಧ ತಡೆದರೆ ಸಾಕು ಅಂದುಕೊಳ್ಳಬೇಡಿ. ಲೀಶ್ಮೇನಿಯಾದ ಹತ್ತಿರದ ನೆಂಟ, ನಿದ್ರಾರೋಗ ತರುವ ಟ್ರಿಪನೋಸೋಮಾ ಬ್ರೂಸಿಯಲ್ಲಿ ಈ ಕಿಣ್ವದ ಕೆಲಸ ಶೇ. 10ಕ್ಕಿಂತ ಕೆಳಗಿಳಿದ ಮೇಲೆಯೇ ಪರಾವಲಂಬಿ ಸೋತದ್ದು. ದುರ್ಬಲ ಅಣುವಿನ ಮೇಲೆ ವರ್ಷ ಕಳೆಯಬೇಡಿ.

ನನ್ನ ಪ್ರಕಾರ ಅತಿ ಜಾಸ್ತಿ ಎಡವುವ ಜಾಗ ಮುಂದಿನದು. ನೊಣದೊಳಗಿನ ರೂಪವಾದ ಪ್ರೋಮಾಸ್ಟಿಗೋಟ್ 26 ಡಿಗ್ರಿಯಲ್ಲಿ ಸುಲಭವಾಗಿ ಬೆಳೆಯುತ್ತದೆ, ಹಾಗಾಗಿ ಎಷ್ಟೋ ಜನ ಅದನ್ನು ಕೊಂದು ನಿಲ್ಲಿಸಿಬಿಡುತ್ತಾರೆ. ರೋಗಿಯೊಳಗೆ ಇರುವುದು ಅಮಾಸ್ಟಿಗೋಟ್ ಅಲ್ವಾ? ಮ್ಯಾಕ್ರೋಫೇಜ್ ಆಗಿ ಮಾರ್ಪಡಿಸಿದ ಟಿಎಚ್‌ಪಿ-1 ಎಂಬ ಮನುಷ್ಯ ಕಣಗಳಿಗೆ ಸೋಂಕು ತಗಲಿಸಿ 37 ಡಿಗ್ರಿಯಲ್ಲಿ ಮದ್ದು ಕೊಡಿ, ಪರಾವಲಂಬಿ ಕಾಣುವಂತೆ ಜೀಮ್ಸಾ ಬಣ್ಣ ಹಾಕಿ, 100 ಮ್ಯಾಕ್ರೋಫೇಜ್‌ಗಳಲ್ಲಿ ಎಷ್ಟು ಪರಾವಲಂಬಿಗಳು ಉಳಿದಿವೆ ಎಂದು ಎಣಿಸಿ. ಜೊತೆಗೆ ಹೋಲಿಕೆಗೆ ಆಂಫೋಟೆರಿಸಿನ್ ಬಿ ಅಥವಾ ಮಿಲ್ಟೆಫೋಸಿನ್‌ನಂಥ ಈಗಾಗಲೇ ಇರುವ ಮದ್ದು ಇಟ್ಟುಕೊಳ್ಳಿ. ಸೋಂಕಿಲ್ಲದ ಟಿಎಚ್‌ಪಿ-1 ಕಣಗಳಿಗೂ ಅದೇ ಮದ್ದು ಹಾಕಿ. ಅವು ಸಾಯುವ ಪ್ರಮಾಣಕ್ಕೂ ಪರಾವಲಂಬಿ ಸಾಯುವ ಪ್ರಮಾಣಕ್ಕೂ 10 ಪಟ್ಟಾದರೂ ಅಂತರ ಇರಲಿ.

ಸತ್ತಿತು ಸರಿ, ನಿಮ್ಮ ಗುರಿಯಿಂದಲೇ ಸತ್ತಿತೇ? ಒಳಗೆ ಆಕ್ಸಿಡೆಂಟ್ ಏರಿದೆ ಎಂದು ತೋರಿಸಿದರೆ ಸಾಲದು, ಸಾಯುವ ಯಾವ ಜೀವಕೋಶದಲ್ಲೂ ಅದು ಏರಬಹುದು. ರಿಡಕ್ಟೇಸ್ ಜಾಸ್ತಿ ತಯಾರಿಸುವಂತೆ ಮಾಡಿದ ಪರಾವಲಂಬಿ ಮದ್ದನ್ನು ಹೆಚ್ಚು ತಡೆದುಕೊಳ್ಳಬೇಕು, ಒಂದು ಜೀನ್ ಪ್ರತಿ ತೆಗೆದದ್ದು ಬೇಗ ಸಾಯಬೇಕು. ಎರಡೂ ಹೊಂದಿದರೆ ಆಮೇಲೆ ನೈತಿಕ ಸಮಿತಿಯ ಅನುಮತಿ ಪಡೆದು ಹ್ಯಾಮ್‌ಸ್ಟರ್‌ಗಳ ಮೇಲಿನ ಪರೀಕ್ಷೆಗೆ ಹೋಗಿ.

ಇನ್ನೊಂದು ತೊಡಕಿಗೆ ಈಗಲೇ ತಯಾರಾಗಿ. ಆ ಋಣ ಕುಳಿಗೆ ಒಪ್ಪುವ ಧನ ವಿದ್ಯುದಂಶದ ಅಣುಗಳು ಪೊರೆ ದಾಟಲು ಕಷ್ಟಪಡುತ್ತವೆ. ಮ್ಯಾಕ್ರೋಫೇಜ್‌ನ ಪೊರೆ, ಪರಾವಲಂಬಿ ಕೂತ ಗುಳ್ಳೆಯ ಪೊರೆ, ಪರಾವಲಂಬಿಯ ಪೊರೆ, ಹೀಗೆ ಮೂರು ದಾಟಬೇಕು. ಕಿಣ್ವದ ಮೇಲೆ ಚೆನ್ನಾಗಿದ್ದ ಅಣು ಜೀವಕೋಶದಲ್ಲಿ ಸೋತರೆ ಮೊದಲು ಇದನ್ನೇ ಅನುಮಾನಿಸಿ, ವಿದ್ಯುದಂಶ ಕಡಿಮೆ ಮಾಡಿದ ಇನ್ನೊಂದು ರೂಪವನ್ನು ರಸಾಯನಶಾಸ್ತ್ರದ ಗೆಳೆಯರ ಹತ್ತಿರ ಮಾಡಿಸಿ ನೋಡಿ.